ಪೋಲೆಂಡಿನಿಂದ ಹೊಗಳಿದ ಬಸ್ಸಾರು

ಪರದೇಶದಲ್ಲಿ ಇದ್ದು ಬಂದವರನ್ನು ಕೇಳಿ ನೋಡಿ, ಊರಿನ ಊಟ ಬಹಳ ನೆನಪಾಗುತ್ತಿತ್ತು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಯಾವ ಊಟ ಎಂದು ಕೇಳಿದಾಗ ಮಾತ್ರ ಒಬ್ಬರೂ ನಿಜ ಹೇಳುವುದಿಲ್ಲ, ಅದರಲ್ಲೂ ಹೆಂಡತಿ ಪಕ್ಕದಲ್ಲಿ ನಿಂತಿದ್ದರೆ. ಅಮ್ಮನ ಕೈರುಚಿ ಎನ್ನುತ್ತಾರೆ, ಹೆಂಡತಿಯ ಕೈರುಚಿ ಎನ್ನುತ್ತಾರೆ. ಬೀದಿ ಮೂಲೆಯ ಹೋಟೆಲಿನ ದೋಸೆ ಎಂದು ಬಾಯಿಬಿಟ್ಟವರನ್ನು ನಾನಂತೂ ಕಂಡಿಲ್ಲ. ಒಂದು ವರ್ಷ ನಾನೂ ಬಿಟ್ಟಿರಲಿಲ್ಲ. ಈಗ ಬಿಡುತ್ತಿದ್ದೇನೆ, ಏಕೆಂದರೆ ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿಲ್ಲ.

ನಾನು ಯೋಗದ ಮೇಷ್ಟ್ರು. ಮೈಸೂರಿನಲ್ಲಿ ಯೋಗದ ಮೇಷ್ಟ್ರು ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಬೀದಿಗೆ ಮೂರು ಮಂದಿ ಸಿಗುತ್ತೇವೆ. ನಂಜನಗೂಡಿನ ಆಚೆಯ ಹಳ್ಳಿಯಲ್ಲಿ ಹುಟ್ಟಿದವನು ನಾನು. ಚಿಕ್ಕಂದಿನಲ್ಲಿ ರಾಗಿ ಹೊಲದ ಬದುವಿನ ಮೇಲೆ ಶೀರ್ಷಾಸನ ಹಾಕಿದಾಗ ನಮ್ಮಪ್ಪ, "ನೀನು ಕಾಲು ಮೇಲಕ್ಕೆತ್ಕೊಂಡು ನಿಂತ್ರೆ ಕಳೆ ಯಾರ್ಲಾ ಕೀಳೋದು" ಎಂದು ಕೇಳಿದ್ದರು. ಆ ಪ್ರಶ್ನೆಗೆ ಉತ್ತರ ಹೇಳದೆ ಪೇಟೆಗೆ ಬಂದುಬಿಟ್ಟೆ. ಈಗ ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಮನೆಯ ಮಹಡಿಯ ಮೇಲೇ ಪಾಠ. ಹೀಗೆ ಕಲಿಯಲು ಬಂದಿದ್ದ ಪೋಲೆಂಡಿನ ಹೆಣ್ಣುಮಗಳೊಬ್ಬಳು ತನ್ನೂರಿಗೆ ಹೋಗಿ ಯೋಗಶಾಲೆ ತೆರೆದಳು. ಒಂದು ವರ್ಷ ಬಂದು ಕಲಿಸಿಕೊಡಿ ಎಂದು ಕರೆದಳು. ಐವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಸ್ವೆಟರ್ ಕೊಂಡು ಹೊರಟೆ.

ನನ್ನ ಹೆಂಡತಿ ಭಾಗ್ಯ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ನಮ್ಮ ಬೀದಿಯಲ್ಲಿ ಅವಳ ರವಿಕೆಗೆ ಎಷ್ಟು ಹೆಸರಿದೆಯೋ ಅವಳ ಬಸ್ಸಾರಿಗೂ ಅಷ್ಟೇ ಹೆಸರಿದೆ. ಕಾಳು, ಸೊಪ್ಪು ಬೇಯಿಸಿ, ಬೆಂದ ನೀರನ್ನು ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು ಮಾಡುವುದು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುವುದು. ಜೊತೆಗೆ ಬಿಸಿ ಮುದ್ದೆ. ಚೆನ್ನಾಗಿರುತ್ತದೆ, ಎರಡು ಮಾತಿಲ್ಲ. ಆದರೆ ಮದುವೆಯಾದಾಗಿನಿಂದ ವಾರಕ್ಕೆ ಮೂರು ಸಲ ತಿಂದದ್ದನ್ನು ನೆನೆಸಿಕೊಳ್ಳಲು ಮನುಷ್ಯನಿಗೆ ಬಿಡುವಾದರೂ ಎಲ್ಲಿದೆ? ನನಗೆ ನೆನಪಾಗುತ್ತಿದ್ದುದು ಅಗ್ರಹಾರದ ಒಂದು ಗಲ್ಲಿಯಲ್ಲಿರುವ ಶಿವಣ್ಣನ ಹೋಟೆಲು. ನಾಲ್ಕು ಮೇಜು, ಒಂದು ಹೆಂಚು, ಬೋರ್ಡೂ ಇಲ್ಲ. ಅಲ್ಲಿ ಹತ್ತಿಯಂಥ ದೋಸೆಯ ಮೇಲೆ ಬೆಣ್ಣೆ ಇಟ್ಟು, ಪಕ್ಕಕ್ಕೆ ಸಾಗು ಹಾಕಿ ಕೊಡುತ್ತಾರೆ. ಇಪ್ಪತ್ತು ವರ್ಷದಿಂದ ಭಾಗ್ಯಳಿಗೆ ವಾಕಿಂಗ್ ಎಂದು ಹೇಳಿ ನಾನು ಹೋಗುತ್ತಿದ್ದುದು ಅಲ್ಲಿಗೇ.

ಪೋಲೆಂಡಿಗೆ ಹೋದ ಮೊದಲ ವಾರದಲ್ಲಿ ನಾನು ತಿಂದದ್ದು ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಎಲೆಕೋಸು ಮತ್ತು ಬೀಟ್‌ರೂಟಿನ ಕೆಂಪು ನೀರು. ಅಲ್ಲಿಯವರು ಒಳ್ಳೆಯ ಜನ. ಊಟಕ್ಕೆ ಉಪ್ಪು ಬೇಕೇ ಎಂದು ಕೇಳಿ, ಬೇಕು ಎಂದರೆ ನಾಲ್ಕು ಹರಳು ಹಾಕುತ್ತಿದ್ದರು. ಮಧ್ಯಾಹ್ನ ಪಾಠದ ಬಿಡುವಿನಲ್ಲಿ ಭಾಗ್ಯಳಿಗೆ ಫೋನ್ ಮಾಡಿದೆ. ಇಲ್ಲಿ ಆಗ ಸಂಜೆಯ ತಿಂಡಿ ಹೊತ್ತು. "ಊಟ ಆಯ್ತಾ? ಚಳಿ ಹೆಂಗದೆ?" ಎಂದೆಲ್ಲ ವಿಚಾರಿಸಿ ಕೊನೆಗೆ, "ಏನ್ ನೆನಪಾಗುತ್ತೆ ಅಲ್ಲಿ?" ಎಂದಳು. ದೋಸೆ ಎಂಬ ಮಾತು ತುದಿನಾಲಗೆಗೆ ಬಂತು. ಸಂಸಾರಸ್ಥನ ನಾಲಗೆ ಸುಮ್ಮನೆ ಪಳಗಿರುವುದಿಲ್ಲ. "ನಿನ್ನ ಬಸ್ಸಾರು" ಎಂದೆ.

ಅವಳು, "ಅಯ್ಯೋ ಪಾಪ" ಎಂದಳು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಮದುವೆಯ ಹೊಸದರಲ್ಲಿ ಕೇಳಿದ್ದು. ಹೀಗೆ ಶುರುವಾದದ್ದು ದಿನಚರಿಯಾಯಿತು. ದಿನವೂ ಅವಳು ಕೇಳುವಳು, ದಿನವೂ ನಾನು ಬಸ್ಸಾರನ್ನು ಹೊಗಳುವೆ. ಹೇಳಿದ್ದನ್ನೇ ಹೇಳಿದರೆ ಅನುಮಾನ ಬರಬಹುದೆಂದು ಒಂದು ದಿನ ಖಾರವನ್ನು, ಒಂದು ದಿನ ಬೆಳ್ಳುಳ್ಳಿಯ ಒಗ್ಗರಣೆಯನ್ನು, ಒಂದು ದಿನ ಅವಳು ಹುಣಸೆಹಣ್ಣು ಕಿವುಚುವ ರೀತಿಯನ್ನು ಹೊಗಳಿದೆ. ಮಾತಾಡುವಾಗ ಅವಳ ಹಿಂದಿನಿಂದ ಆಗಾಗ ಚುಂಯ್ ಎಂಬ ಸದ್ದು ಬರುತ್ತಿತ್ತು, ಥೇಟ್ ಕಾದ ಹೆಂಚಿನ ಮೇಲೆ ಹಿಟ್ಟು ಬಿದ್ದ ಸದ್ದು. ಏನದು ಎಂದರೆ, "ನಲ್ಲಿ ಕಣ್ರೀ, ವಾಶರ್ ಹೋಗ್ಬುಟ್ಟದೆ" ಎನ್ನುತ್ತಿದ್ದಳು. ನಲ್ಲಿಯ ಸದ್ದೂ ದೋಸೆಯ ಸದ್ದಾಗಿ ಕೇಳುವಷ್ಟು ನನ್ನ ಸ್ಥಿತಿ ಕೆಟ್ಟಿದೆಯಲ್ಲ ಎಂದು ನನ್ನ ಬಗ್ಗೆ ನನಗೇ ಮರುಕವಾಗುತ್ತಿತ್ತು.

ಇಷ್ಟಾದರೂ ಬೆಳಿಗ್ಗೆ ಎದ್ದು ನಾನು ಕಲಿಸಬೇಕಾಗಿದ್ದುದು ಇಂದ್ರಿಯ ನಿಗ್ರಹ. ಇಪ್ಪತ್ತು ಜನ ಪೋಲಿಷರು ಶವಾಸನದಲ್ಲಿ ಮಲಗಿರುವಾಗ, "ನಾಲಗೆಯನ್ನು ಗೆದ್ದವನು ಎಲ್ಲವನ್ನೂ ಗೆದ್ದ" ಎಂದು ಮೆಲುದನಿಯಲ್ಲಿ ಹೇಳುತ್ತಿದ್ದೆ. ಅವರ ಕಣ್ಣು ಮುಚ್ಚಿರುತ್ತಿತ್ತು, ನನ್ನ ಕಣ್ಣ ಮುಂದೆ ಬೆಣ್ಣೆ ಕರಗುತ್ತಿತ್ತು. ಒಂದು ದಿನ ಆ ನಿಶ್ಶಬ್ದದಲ್ಲಿ ನನ್ನ ಹೊಟ್ಟೆ ಉದ್ದಕ್ಕೆ ಗುಡುಗಿತು. ತರಗತಿ ಮುಗಿದ ಮೇಲೆ ವಯಸ್ಸಾದ ಶಿಷ್ಯರೊಬ್ಬರು ಬಂದು, ಆ ಉಸಿರಾಟದ ಅಭ್ಯಾಸವನ್ನು ತಮಗೂ ಹೇಳಿಕೊಡಬೇಕೆಂದು ವಿನಯದಿಂದ ಕೇಳಿದರು. ಅದಕ್ಕೆ ಹತ್ತು ವರ್ಷದ ಸಾಧನೆ ಬೇಕು ಎಂದೆ.

ನನ್ನ ಸುಳ್ಳಿಗೆ ಆರು ತಿಂಗಳು ತುಂಬಿದಾಗ ಅದಕ್ಕೊಂದು ಪಾರ್ಸೆಲ್ ಬಂತು. ಮೈಸೂರಿಗೆ ಬಂದಿದ್ದ ಶಿಷ್ಯೆಯೊಬ್ಬಳ ಕೈಯಲ್ಲಿ ಭಾಗ್ಯ ಅಲಸಂದೆ ಕಾಳು, ರಾಗಿ ಹಿಟ್ಟು, ಹುರಿದು ಪುಡಿ ಮಾಡಿದ ಖಾರ ಎಲ್ಲವನ್ನೂ ಕಟ್ಟಿ ಕಳಿಸಿದ್ದಳು. ಗಂಟಿನ ಮೇಲೆ ಹೊಲಿಗೆ ಹಾಕಿದ್ದಳು, ರವಿಕೆಗೆ ಹಾಕುವಷ್ಟೇ ಸಣ್ಣ ಹೊಲಿಗೆ. ಅದನ್ನು ಬಿಚ್ಚುವಾಗ ನಾಚಿಕೆಯಾಯಿತು. ಇಂಥವಳಿಗೆ ಸುಳ್ಳು ಹೇಳಿದೆನಲ್ಲ ಎಂದು ಆ ಭಾನುವಾರ ಪ್ರಾಯಶ್ಚಿತ್ತದಂತೆ ಬಸ್ಸಾರು ಮಾಡಲು ನಿಂತೆ. ಮನೆ ಒಡತಿ ಯಾನೀನಾ ಎಪ್ಪತ್ತು ದಾಟಿದ ಮುದುಕಿ, ನನ್ನನ್ನು ಹಸಿದ ಅನಾಥನೆಂದೇ ತಿಳಿದಿದ್ದವಳು. ಕಾಳುಸೊಪ್ಪು ಬೆಂದಿತು. ಮುದ್ದೆ ತಿರುವುವ ಕೋಲಿಲ್ಲವಲ್ಲ ಎಂದು ಪಕ್ಕದ ಕೋಣೆಗೆ ಲಟ್ಟಣಿಗೆ ಹುಡುಕಲು ಹೋದೆ. ಬರುವಷ್ಟರಲ್ಲಿ ಆಕೆ ಸಹಾಯ ಮಾಡಿ ಮುಗಿಸಿದ್ದಳು. ಬೆಂದ ಕಾಳನ್ನು ಜರಡಿಯಲ್ಲಿ ಚೆಂದವಾಗಿ ಬಸಿದು, ತಟ್ಟೆಯಲ್ಲಿ ಹರಡಿ, ಮೇಲೆ ಕೆನೆ ಮೊಸರು ಹಾಕಿ ಇಟ್ಟಿದ್ದಳು. ಕಟ್ಟು ಪೂರ್ತಿ ಸಿಂಕಿನಲ್ಲಿ ಇಳಿದುಹೋಗುತ್ತಿತ್ತು. ಸಾರೇ ಚರಂಡಿಗೆ ಹೋಯಿತು ಎಂಬುದನ್ನು ಯಾವ ಸನ್ನೆಯಲ್ಲಿ ಹೇಳುವುದು? ಕೈಮುಗಿದು ತಿಂದೆ.

ಮರುದಿನ ಇದನ್ನು ಭಾಗ್ಯಳಿಗೆ ಹೇಳಿದೆ. "ಪಾಪ, ಆ ಯಮ್ಮಂಗೇನ್ ಗೊತ್ತು ಬುಡಿ, ಒಳ್ಳೇದ್ ಮಾಡಕ್ಕೆ ಬಂದವ್ಳೆ" ಎಂದಳು. ಆಮೇಲೆ ಮೂಗೆಳೆದುಕೊಂಡು, "ನೀವು ಬಂದ್ಬುಡಿ, ದಿನಾ ಮಾಡ್ಕೊಡ್ತೀನಿ" ಎಂದಳು.

ಆ ಮಾತನ್ನು ಅವಳು ಉಳಿಸಿಕೊಂಡಳು. ಅಕ್ಟೋಬರಿನಲ್ಲಿ ನಾನು ಮನೆಗೆ ಕಾಲಿಟ್ಟ ದಿನ ದಂಟುಸೊಪ್ಪಿನ ಬಸ್ಸಾರು. ಎರಡನೆಯ ದಿನ ಹೆಸರುಕಾಳಿನದು. ಮೂರನೆಯ ದಿನ ಹುರುಳಿ, ನಾಲ್ಕನೆಯ ದಿನ ಮತ್ತೆ ಸೊಪ್ಪು. ಅಳತೆ ಕೊಡಲು ಬಂದ ಹೆಂಗಸರಿಗೆಲ್ಲ, "ನಮ್ಮನೆಯವ್ರು ಅಲ್ಲಿ ನನ್ ಬಸ್ಸಾರು ನೆನ್ಕೊಂಡು ಕಣ್ಣೀರು ಹಾಕೋರು ಕಣ್ರೀ" ಎನ್ನುವಳು. ಅವರು ನನ್ನ ಕಡೆ ತಿರುಗುವರು, ನಾನು ಕಣ್ಣೀರು ಹಾಕಿದವನ ಮುಖ ಮಾಡಿಕೊಂಡು ಕೂರುವೆ. ಸಂಜೆ ಐದೂವರೆ ಆಯಿತೆಂದರೆ ನನಗೆ ಅಗ್ರಹಾರದ ಕಡೆ ಕಾಲೆಳೆಯುವುದು. ವಿಚಿತ್ರವೆಂದರೆ ಅದೇ ಹೊತ್ತಿಗೆ ಭಾಗ್ಯಳೂ ಚಡಪಡಿಸುತ್ತಿದ್ದಳು. ಗಡಿಯಾರ ನೋಡುವಳು, ಹೊಲಿಯುತ್ತಿದ್ದವಳು ಎದ್ದು ಬಾಗಿಲಿಗೆ ಹೋಗುವಳು, ನನ್ನನ್ನು ಕಂಡು ಒಳಗೆ ಬಂದು ಕುಕ್ಕರ್ ಇಡುವಳು. ನನ್ನ ಸೇವೆಯಲ್ಲಿ ದಣಿದಿದ್ದಾಳೆ ಎಂದುಕೊಂಡೆ.

ಎಂಟನೆಯ ದಿನ ಅವಳು ರವಿಕೆ ಕೊಟ್ಟುಬರುತ್ತೇನೆಂದು ಚೀಲ ತೆಗೆದಳು. ನಾನು ವಾಕಿಂಗ್ ಎಂದು ಚಪ್ಪಲಿ ಮೆಟ್ಟಿದೆ. ಓಡಲಿಲ್ಲ ಎಂಬುದನ್ನು ಬಿಟ್ಟರೆ ಅಷ್ಟು ವೇಗವಾಗಿ ನಾನು ಎಂದೂ ಅಗ್ರಹಾರ ತಲುಪಿಲ್ಲ. ಶಿವಣ್ಣ ನನ್ನನ್ನು ನೋಡಿ ನಕ್ಕ. "ಯಾವಾಗ್ ಬಂದ್ರಿ ಸಾರ್? ಅಮ್ಮಾವ್ರು ಒಂದ್ ವಾರದಿಂದ ಈ ಕಡೆ ಬಂದೇ ಇಲ್ವಲ್ಲ, ಹುಸಾರಾಗವ್ರಾ?"

"ಯಾವ ಅಮ್ಮಾವ್ರು?" ಎಂದೆ.

"ನಮ್ ಭಾಗ್ಯಮ್ಮಾವ್ರು ಸಾರ್. ವರ್ಸದಿಂದ ದಿನಾ ಸಂಜೆ ಇಲ್ಲೇ ಅಲ್ವಾ? ಫೋನಲ್ಲಿ ನಿಮ್ ಜೊತೆ ಮಾತಾಡ್ತಾ ತಿನ್ನೋರು. ಪೋಲೆಂಡು ಅಂದಾಗ್ಲೇ ನಿಮ್ಮನೆಯವ್ರು ಅಂತ ಗೊತ್ತಾಯ್ತು, ನಿಮ್ ವಾಕಿಂಗ್ ವಿಷ್ಯ ಮಾತ್ರ ನಾನ್ ಬಾಯ್ಬಿಟ್ಟಿಲ್ಲ."

ದೋಸೆ ಬಂದು ಮುಂದೆ ಕೂತಿತ್ತು. ಒಂದು ವರ್ಷ ಕಾದ ದೋಸೆ, ಆದರೆ ಕೈ ಮುಂದೆ ಹೋಗಲಿಲ್ಲ. ಹೆಂಚಿನ ಮೇಲೆ ಮತ್ತೊಂದು ಸೌಟು ಹಿಟ್ಟು ಬಿದ್ದು ಚುಂಯ್ ಎಂದಿತು. ಕೆಟ್ಟಿದ್ದು ನಲ್ಲಿಯೂ ಅಲ್ಲ, ನನ್ನ ತಲೆಯೂ ಅಲ್ಲ ಎಂದು ಆಗ ಗೊತ್ತಾಯಿತು. ಬಾಗಿಲ ಕಡೆ ನೋಡಿದರೆ ರವಿಕೆಯ ಚೀಲ ಹಿಡಿದು ಭಾಗ್ಯ ನಿಂತಿದ್ದಳು. ತಿರುಗಿ ಹೋಗಬಹುದಿತ್ತು, ಹೋಗಲಿಲ್ಲ. ಬಂದು ಎದುರು ಕೂತಳು. ಶಿವಣ್ಣ ಏನನ್ನೂ ಕೇಳದೆ, "ಅಮ್ಮಾವ್ರಿಗೆ ಎರಡು, ಬೆಣ್ಣೆ ಜಾಸ್ತಿ" ಎಂದು ಒಳಗೆ ಕೂಗಿ ಹೇಳಿದ.

"ವಾಕಿಂಗ್ ಇಲ್ಲಿಗಾ?" ಎಂದಳು.

"ರವಿಕೆ ಇಲ್ಲಿಗಾ?" ಎಂದೆ.

ಅವಳು ನನ್ನ ತಟ್ಟೆಯಿಂದಲೇ ಒಂದು ಚೂರು ಮುರಿದು ಬಾಯಿಗಿಟ್ಟಳು. "ಒಬ್ಬಳಿಗೆ ಯಾರು ಬಸ್ಸಾರು ಮಾಡ್ಕೊತಾರೆ ಹೇಳಿ. ನೀವ್ ಹೋದ್ಮೇಲೆ ಒಲೆ ಹತ್ಸಕ್ಕೇ ಮನಸ್ಸಾಗ್ತಿರ್ಲಿಲ್ಲ. ಸಂಜೆ ಮನೇಲ್ ಕೂತ್ರೆ ಅಳು ಬರೋದು. ಒಂದಿನ ಸುಮ್ನೆ ನಡ್ಕೊಂಡ್ ಬಂದೆ." ನಡುವೆ ಇನ್ನೊಂದು ಚೂರನ್ನು ಸಾಗುವಿನಲ್ಲಿ ಅದ್ದಿಕೊಂಡು, "ಆಮೇಲೆ ರುಚಿ ಹತ್ಬುಡ್ತು ಕಣ್ರೀ. ನೀವ್ ಅಲ್ಲಿ ಬಸ್ಸಾರು ಬಸ್ಸಾರು ಅಂತ ಕೊರಗ್ತಿದ್ರೆ ನಾನಿಲ್ಲಿ ದೋಸೆ ತಿಂತಿದೀನಿ ಅಂತ ಹೆಂಗೆ ಹೇಳ್ಲಿ?" ಎಂದಳು.

ನಾನೂ ಎಲ್ಲ ಹೇಳಿಬಿಟ್ಟೆ. ಕೋಪಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗು ಬಾಯಿಗಿಟ್ಟು ನಗುತ್ತಲೇ ಇದ್ದಳು. "ಹುಣಸೆಹಣ್ಣು ಕಿವುಚೋದನ್ನೂ ಹೊಗಳಿದ್ರಲ್ಲ, ಆವತ್ತೇ ಅನ್ಕೊಂಡೆ" ಎಂದಳು. ಮೂರನೆಯ ದೋಸೆಯನ್ನು ಇಬ್ಬರೂ ಹಂಚಿಕೊಂಡು ತಿಂದೆವು. ಅಷ್ಟು ಹಗುರವಾಗಿ ಮನೆಗೆ ನಡೆದು ಬಂದದ್ದು ನನಗೆ ನೆನಪಿಲ್ಲ.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಸುಖಿ. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಬಸ್ಸಾರು ನಿಂತುಹೋಯಿತು. ಸುಳ್ಳು ಬಯಲಾದ ಮೇಲೆ ಅಷ್ಟು ಕಾಳು ಬೇಯಿಸುವವರು ಯಾರು? ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಶಿವಣ್ಣ. ಒಂದು ತಿಂಗಳು ಸ್ವರ್ಗವಾಗಿತ್ತು. ಎರಡನೆಯ ತಿಂಗಳು ದೋಸೆ ಬರೀ ದೋಸೆಯಾಯಿತು. ಡಿಸೆಂಬರಿನ ಒಂದು ಸಂಜೆ ಇಬ್ಬರೂ ಹೋಟೆಲಿನಿಂದ ಹಿಂತಿರುಗುವಾಗ ಯಾರದೋ ಮನೆಯ ಕಿಟಕಿಯಿಂದ ಅವರೆಕಾಳು ಬಸ್ಸಾರಿನ ಒಗ್ಗರಣೆ ವಾಸನೆ ಬಂತು. ಕಾಲು ನಿಂತಿತು. ಪೋಲೆಂಡಿನ ಅಷ್ಟೂ ಚಳಿಗಾಲದಲ್ಲಿ ಆಗದಿದ್ದ ಸಂಕಟ ಸ್ವಂತ ಊರಿನಲ್ಲಿ, ಮನೆಯಿಂದ ಎರಡು ಬೀದಿ ಈಚೆಗೆ ಆಯಿತು. ಅವಳ ಕೈಯ ಬಸ್ಸಾರು ಬೇಕು ಅನ್ನಿಸಿತು, ಅಳುವಷ್ಟು ಬೇಕು ಅನ್ನಿಸಿತು.

"ಭಾಗ್ಯ, ನಿನ್ನ ಬಸ್ಸಾರು ತಿನ್ನಬೇಕು ಅನ್ನಿಸ್ತಿದೆ" ಎಂದೆ.

"ಸಾಕ್ ಬುಡಿ" ಎಂದು ನಕ್ಕು ಮುಂದೆ ನಡೆದಳು.

ಮರುದಿನ ಹೇಳಿದೆ, ಅದರ ಮರುದಿನವೂ ಹೇಳಿದೆ. ಬೆಳ್ಳುಳ್ಳಿ ಒಗ್ಗರಣೆಯನ್ನು ವರ್ಣಿಸಿದೆ, ಹುಣಸೆಹಣ್ಣಿನ ತನಕ ಹೋದೆ. ಎಲ್ಲವೂ ಹಳೆಯ ಮಾತುಗಳೇ, ಎಲ್ಲವನ್ನೂ ಸುಳ್ಳಿಗಾಗಿ ಬಳಸಿ ಸವೆಸಿಬಿಟ್ಟಿದ್ದೆ. ಕೊನೆಗೆ ಭಾನುವಾರ ಬೆಳಿಗ್ಗೆ ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತದೆ ಅವಳು, "ಎದುರ್ಗೆ ಹೇಳಿದ್ರೆ ನಂಬ್ಕೆ ಬರಲ್ಲ. ಫೋನ್ ಮಾಡಿ ಹೇಳಿ, ಆವಾಗ ನೋಡ್ತೀನಿ" ಎಂದಳು.

ಜಗುಲಿಗೆ ಹೋಗಿ ಫೋನ್ ಮಾಡಿದೆ. ಒಳಗೆ ಗಂಟೆ ಬಡಿಯಿತು. ನಾಲ್ಕು ಸಲ ಬಡಿಯಲು ಬಿಟ್ಟು ತೆಗೆದುಕೊಂಡಳು.

"ಹಲೋ. ಊಟ ಆಯ್ತಾ?"

"ಇಲ್ಲ."

"ಚಳಿ ಹೆಂಗದೆ ಅಲ್ಲಿ?"

ಎದುರು ಮನೆಯವರು ಬಿಸಿಲಿಗೆ ಹಪ್ಪಳ ಹಾಕುತ್ತಾ ನನ್ನನ್ನೇ ನೋಡುತ್ತಿದ್ದರು. "ಇದೆ ಸ್ವಲ್ಪ" ಎಂದೆ.

"ಏನ್ ನೆನಪಾಗುತ್ತೆ?"

ವರ್ಷವಿಡೀ ಸುಳ್ಳನ್ನು ಸರಾಗವಾಗಿ ಹೇಳಿದ ಬಾಯಿ ನಿಜ ಹೇಳಬೇಕಾದಾಗ ತೊದಲಿತು. "ನಿನ್ನ... ಬಸ್ಸಾರು" ಎಂದೆ.

ಒಳಗೆ ಮೆಷಿನ್ನಿನ ಸದ್ದು ನಿಂತಿತು. ಅದೇ ಹಳೆಯ ಮೆತ್ತನೆಯ ದನಿಯಲ್ಲಿ ಅವಳು, "ಅಯ್ಯೋ ಪಾಪ. ಯಾವಾಗ್ ಬರ್ತೀರಿ?" ಎಂದಳು.

"ಈಗಲೇ ಹೊರಟೆ."

"ಬರ್ತಾ ಎರಡು ಕೆಜಿ ಅವರೆಕಾಯಿ ತನ್ನಿ. ಸುಲಿಯೋದು ನೀವೇ" ಎಂದು ಫೋನಿಟ್ಟಳು. ನಾನು ಚೀಲ ಹಿಡಿದು, ಪೋಲೆಂಡಿನಿಂದ ಮನೆಗೆ ಹೊರಟೆ.