ಗುಂಡು ಹಾರಿಸುವ ಮುನ್ನ ಊಟ ವಿಚಾರಿಸುವ ಕುರಿತು

……… ಇಲಾಖೆ
ವಿಭಾಗ ಕಚೇರಿ, ಸಿಂಧನೂರು

ಸುತ್ತೋಲೆ ಸಂಖ್ಯೆ: ಆಟ/ಬಂದೂಕು/ಕೂಲರ್/ಮೂರನೆಯದು

ವಿಷಯ: ಮೊಬೈಲಿನಲ್ಲಿ ಹಲವರು ಕೂಡಿ ಆಡುವ ಉಚಿತ, ಅತಿವೇಗದ ಬಂದೂಕಿನ ಆಟವನ್ನು ಹೊಸದಾಗಿ ಆಡಲಿರುವ ಸಿಬ್ಬಂದಿಗೆ ಪರಿಚಯಿಸುವ ಹಾಗೂ ಕಳೆದ ಪಂದ್ಯದ ಅನಾಹುತ ಮರುಕಳಿಸದಂತೆ ನೋಡಿಕೊಳ್ಳುವ ಬಗ್ಗೆ.

ಉಲ್ಲೇಖ: 1. ಮಸ್ಕಿ ಕಚೇರಿಯ ಸೆಕೆ ಕುರಿತ ಮನವಿ.
2. ತಮ್ಮಲ್ಲಿಯೂ ಸೆಕೆ ಇದೆಯೆಂದು ಲಿಂಗಸುಗೂರು ಕಚೇರಿಯ ಪ್ರತಿಮನವಿ.
3. ಗೆದ್ದವರೇ ಗೆಲುವಿನ ವಿರುದ್ಧ ಸಲ್ಲಿಸಿದ ಆಕ್ಷೇಪಣೆ.

ಪ್ರಸ್ತಾವನೆ:

ಮಸ್ಕಿ ಪ್ರತ್ಯೇಕ ತಾಲೂಕಾದಾಗ ಲಿಂಗಸುಗೂರು ಕಚೇರಿಯ ಕಡತ, ಕುರ್ಚಿ, ಸಿಬ್ಬಂದಿ ಎಲ್ಲವೂ ಪಾಲಾದವು. ಇದ್ದ ಒಂದೇ ಒಂದು ಏರ್ ಕೂಲರ್ ಮಾತ್ರ ಪಾಲಾಗದೆ ಲಿಂಗಸುಗೂರಿನಲ್ಲಿಯೇ ಉಳಿಯಿತು. ಮಸ್ಕಿಗೆ ಹೋದ ಪ್ರಥಮ ದರ್ಜೆ ಸಹಾಯಕಿ ಕಲ್ಯಾಣಮ್ಮನವರು ಅಂದಿನಿಂದ ತಗಡಿನ ಸೂರಿನ ಕೆಳಗೆ, ಒದ್ದೆ ಮಾಡಿದ ಸೆರಗನ್ನು ತಲೆಗೆ ಹೊದ್ದು ಕೆಲಸ ಮಾಡುತ್ತಿದ್ದಾರೆ. ಅವರ ಬೆವರು ಬಿದ್ದು ಮೇಲಧಿಕಾರಿಗಳ ಸಹಿಗಳು ಅಳಿಸುತ್ತಿರುವುದು ಗಂಭೀರ ವಿಷಯವಾಗಿರುತ್ತದೆ. ಕೂಲರಿನ ಆಸೆ ಅವರಿಗೆ ಎಷ್ಟಿತ್ತೆಂದರೆ, ಕನಸಿನಲ್ಲಿಯೂ ಅದರ ಸದ್ದು ಕೇಳುತ್ತಿತ್ತೆಂದು ಮನವಿಯಲ್ಲಿಯೇ ಬರೆದಿದ್ದಾರೆ.

ಚೀಟಿ ಎತ್ತಿಸೋಣವೆಂದರೆ, ಎತ್ತುವವರ ಕೈ ಮೇಲೆ ಎರಡೂ ಕಚೇರಿಗಳಿಗೆ ನಂಬಿಕೆ ಇರಲಿಲ್ಲ. ಆದ್ದರಿಂದ ಎರಡೂ ಕಚೇರಿಗಳವರನ್ನು ಸಿಂಧನೂರಿಗೆ ಕರೆಸಿ, ಸದರಿ ಆಟದಲ್ಲಿ ಗೆದ್ದ ಕಚೇರಿಗೆ ಕೂಲರ್ ಎಂದು ತೀರ್ಮಾನಿಸಲಾಯಿತು. ಮಸ್ಕಿ ತಂಡಕ್ಕೆ ಕಲ್ಯಾಣಮ್ಮನವರೂ, ಲಿಂಗಸುಗೂರು ತಂಡಕ್ಕೆ ಹಂಪಣ್ಣನವರೂ ಮುಂದಾಳುಗಳಾದರು. ಇವರಿಬ್ಬರೂ ಪಾಲಾಗುವ ಮೊದಲು ಅಕ್ಕಪಕ್ಕದ ಮೇಜಿನಲ್ಲಿ ಕುಳಿತು, ಒಂದೇ ಬುತ್ತಿ ಬಿಚ್ಚಿ ಉಂಡವರು. ಇದನ್ನು ಮೊದಲೇ ಗಮನಿಸದಿದ್ದುದು ಲೋಪವೇ ಸರಿ. ಆದರೆ ಯಾರ ಲೋಪವೆಂದು ಗೊತ್ತುಪಡಿಸಲಾಗಿಲ್ಲ.

ಮುಂದಿನ ಸುತ್ತು ಎರಡೂ ಕಚೇರಿಗಳಿಗೆಂದು ಹೊಸದಾಗಿ ಬಂದಿರುವ ಒಂದೇ ಕಬ್ಬಿಣದ ಬೀರುವಿಗಾಗಿ ನಡೆಯಲಿರುವುದರಿಂದ ಹೊಸ ಆಟಗಾರರಿಗೆ ಕೆಳಕಂಡಂತೆ ತಿಳಿಯಪಡಿಸಿದೆ:

1. ಆಟವು ಸಂಪೂರ್ಣ ಉಚಿತ. ಆದಾಗ್ಯೂ ನಿಯಮದಂತೆ ಮೂರು ದರಪಟ್ಟಿ ಪಡೆಯಲಾಗಿದೆ. ಮೂರರಲ್ಲಿಯೂ ಸೊನ್ನೆ ಇರುವುದರಿಂದ ಅತಿ ಕಡಿಮೆ ಯಾವುದೆಂದು ನಿರ್ಧರಿಸಲು ಸಮಿತಿ ರಚಿಸಲಾಗಿದೆ.

2. ಎಡ ಹೆಬ್ಬೆರಳಿನಿಂದ ಓಡತಕ್ಕದ್ದು, ಬಲ ಹೆಬ್ಬೆರಳಿನಿಂದ ಗುಂಡು ಹಾರಿಸತಕ್ಕದ್ದು. ಗುಂಡು ಹಾರಿಸಲು ಮೇಲಧಿಕಾರಿಯ ಟಿಪ್ಪಣಿಗೆ ಕಾಯತಕ್ಕದ್ದಲ್ಲ. ಕಾದವರು ಯಾರೂ ಬದುಕಿ ಉಳಿದಿರುವುದಿಲ್ಲ.

3. ಈ ಆಟದಲ್ಲಿ ಸತ್ತವರು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮತ್ತೆ ಎದ್ದು ಬರುತ್ತಾರೆ. ಈ ನಡುವಿನ ಅವಧಿಗೆ ಅನುಕಂಪದ ಆಧಾರದ ನೌಕರಿಗೆ ಅರ್ಜಿ ಸಲ್ಲಿಸುವಂತಿಲ್ಲ. ಮಸ್ಕಿ ತಂಡಕ್ಕೆ ಎರವಲು ಕೊಟ್ಟ ಈ ಕಚೇರಿಯ ಜವಾನ ಗದ್ದೆಪ್ಪ ಮೊದಲ ಸಲ ಸತ್ತಾಗ ಎದುರು ತಂಡದವರೆಲ್ಲ ಬಂದೂಕು ಕೆಳಗಿಟ್ಟು ಸಾವಿಗೆ ಮಾತಾಡಿಸಲು ಹೋದರು. ಹೋದ ಅಷ್ಟೂ ಜನರನ್ನು ಎದ್ದು ಬಂದ ಗದ್ದೆಪ್ಪನೇ ಹೊಡೆದನು. ಸಾವಿನ ಮನೆಗೆ ಹೋಗುವವರು ಇನ್ನು ಮುಂದೆ ಗೋಡೆಯ ಮರೆಯಲ್ಲಿ ಹೋಗತಕ್ಕದ್ದು.

4. ಎದುರಾಳಿ ಕಂಡೊಡನೆ ‘ಶರಣ್ರೀ’ ಎಂದು ನಿಂತುಬಿಡುವುದನ್ನು ನಿಷೇಧಿಸಲಾಗಿದೆ. ಓಡುತ್ತಲೇ ಶರಣು ಹೇಳಬಹುದು. ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತ ಮೊದಲ ಪಂದ್ಯದ ಸಮಯವೆಲ್ಲ ಕಳೆದುಹೋಗಿ, ಎರಡು ಜೋಡಿ ಬೀಗತನ ಕುದುರಿದ್ದು ಬಿಟ್ಟರೆ ಬೇರೆ ಫಲಿತಾಂಶ ಬರಲಿಲ್ಲ.

5. ಎರಡನೆಯ ಪಂದ್ಯದ ಕೊನೆಗೆ ಹಂಪಣ್ಣನವರು ಬಯಲಿನಲ್ಲಿ ಒಬ್ಬರೇ ಸಿಕ್ಕಿದ್ದರು. ಕಲ್ಯಾಣಮ್ಮನವರು ಗುರಿಯಿಟ್ಟು, ರೂಢಿಯಂತೆ ಊಟ ಆಯಿತೇ ಎಂದು ಕೇಳಿದರು. ಇನ್ನೂ ಇಲ್ಲ ಎಂಬ ಉತ್ತರ ಬಂತು. ಹಸಿದವರ ಮೇಲೆ ಕೈ ಎತ್ತುವುದು ಹೇಗೆಂದು ಅವರು ಬಂದೂಕು ಇಳಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುದಿನದಿಂದ ಎರಡೂ ತಂಡಗಳವರು ಹೊಟ್ಟೆ ತುಂಬ ರೊಟ್ಟಿ, ಪುಂಡಿಪಲ್ಯ ಹೊಡೆದು ಬಂದು ‘ಉಂಡಿಲ್ಲ’ ಎನ್ನತೊಡಗಿದ್ದರಿಂದ, ಆಟಕ್ಕೆ ಮುನ್ನ ಪ್ರತಿಯೊಬ್ಬರೂ ತೇಗಿ ತೋರಿಸತಕ್ಕದ್ದು. ತೇಗು ಬಾರದವರು ವೈದ್ಯರನ್ನು ಕಾಣತಕ್ಕದ್ದು.

6. ಅಂತಿಮ ಪಂದ್ಯದಲ್ಲಿ ಮತ್ತೆ ಅವರಿಬ್ಬರೇ ಉಳಿದರು. ಕಲ್ಯಾಣಮ್ಮನವರು ಅದನ್ನೇ ಕೇಳಿದರು. ಹಂಪಣ್ಣನವರು ದೊಡ್ಡದಾಗಿ ತೇಗಿ, “ಉಂಡೀನ್ರಿ ಕಲ್ಯಾಣಮ್ಮಾರ. ಹೊಡೀರಿ,” ಎಂದರು. ಅವರು ಹೊಡೆದರು. ಮಸ್ಕಿ ಗೆದ್ದಿತು. ಕಲ್ಯಾಣಮ್ಮನವರು ಸಂತೋಷದಿಂದ ಅತ್ತರು.

7. ಆಮೇಲೆ ಹಂಪಣ್ಣನವರು ಮೂಲೆಗೆ ಹೋಗಿ ಬುತ್ತಿ ಬಿಚ್ಚುವುದನ್ನು ಕಲ್ಯಾಣಮ್ಮನವರು ಕಂಡರು. ರೊಟ್ಟಿಗಳು ಮುಟ್ಟದೆ ಹಾಗೆಯೇ ಇದ್ದವು. ಸುಳ್ಳು ತೇಗಿನ ಬಗ್ಗೆ ಕಾರಣ ಕೇಳಲಾಗಿ, ಸದರಿಯವರು ನೀಡಿದ ಹೇಳಿಕೆ: “ಅವರು ತಗಡಿನ ಕೆಳಗ ಕುಂತು ಬೇಯಾಕತ್ತಾರ್ರೀ. ನಮಗ ಬೇವಿನ ಗಿಡದ ನೆರಳರ ಐತಿ.” ಇದನ್ನು ಕೇಳಿದ ಕಲ್ಯಾಣಮ್ಮನವರು ಹಸಿದವರನ್ನು ಹೊಡೆದು ಪಡೆದ ಗಾಳಿ ತಮಗೆ ಬೇಡವೆಂದು ಅಲ್ಲಿಯೇ ಆಕ್ಷೇಪಣೆ ಬರೆದುಕೊಟ್ಟು, ಹಂಪಣ್ಣನವರ ಎದುರು ಕುಳಿತು ಅವರ ಬುತ್ತಿಗೆ ತಮ್ಮ ಶೇಂಗಾ ಚಟ್ನಿ ಹಾಕಿದರು. ಇದಕ್ಕೆ ನಿಯಮಗಳಲ್ಲಿ ಅವಕಾಶವೂ ಇಲ್ಲ, ನಿಷೇಧವೂ ಕಂಡುಬಂದಿರುವುದಿಲ್ಲ.

8. ಸೋತವರು ಕೊಡುತ್ತೇವೆನ್ನುತ್ತಾರೆ, ಗೆದ್ದವರು ಒಲ್ಲೆವೆನ್ನುತ್ತಾರೆ. ಹೀಗಾಗಿ ಇತ್ಯರ್ಥವಾಗುವವರೆಗೆ ಕೂಲರನ್ನು ಕೆಳಗೆ ಸಹಿ ಮಾಡಿರುವ ಅಧಿಕಾರಿಯ ಕೊಠಡಿಯಲ್ಲಿ ಸುರಕ್ಷಿತವಾಗಿ ಇರಿಸಲಾಗಿದೆ. ಸುಮ್ಮನೆ ಇಟ್ಟರೆ ತುಕ್ಕು ಹಿಡಿಯುವುದರಿಂದ ದಿನವಿಡೀ ಚಾಲನೆಯಲ್ಲಿಡಲಾಗಿದೆ. ಇತ್ಯರ್ಥಕ್ಕೆ ಅವಸರವಿಲ್ಲವೆಂದು ಈ ಮೂಲಕ ಎಲ್ಲರಿಗೂ ತಿಳಿಸಲಾಗಿದೆ.

ಸಹಿ/-
(ಸಂಗನಬಸವ)
ವಿಭಾಗಾಧಿಕಾರಿ, ಸಿಂಧನೂರು

ಪ್ರತಿಗಳು:
1. ಕಲ್ಯಾಣಮ್ಮ, ಮಸ್ಕಿ ಕಚೇರಿ: ಬೆವರು ಬೀಳದಂತೆ ಓದಿಕೊಳ್ಳಲು.
2. ಹಂಪಣ್ಣ, ಲಿಂಗಸುಗೂರು ಕಚೇರಿ: ಊಟವಾದ ಮೇಲೆ ಓದಿಕೊಳ್ಳಲು.
3. ದರಪಟ್ಟಿ ಸಮಿತಿ: ಮೂರು ಸೊನ್ನೆಗಳೊಂದಿಗೆ.
4. ಮುದಗಲ್ ಬಸ್ಸಿನ ಕಂಡಕ್ಟರ್: ಆಡುತ್ತ ಕುಳಿತ ಸಿಬ್ಬಂದಿಯನ್ನು ಲಿಂಗಸುಗೂರಿನಲ್ಲಿ ಇಳಿಸಲು.
5. ಜವಾನ ಗದ್ದೆಪ್ಪ: ಕೂಲರಿಗೆ ಬೆಳಿಗ್ಗೆ, ಮಧ್ಯಾಹ್ನ ತಪ್ಪದೆ ನೀರು ತುಂಬಲು.