ಅನಿಲದ ಲಾಭ, ದರ್ಜಿಯ ವೋಟು

ದರ್ಜಿಯ ಗ್ರಹಚಾರ ಆ ಬೆಳಿಗ್ಗೆ ನಾಲ್ಕು ಪ್ಯಾಂಟುಗಳ ರೂಪದಲ್ಲಿ ಕಾರಿನಿಂದ ಇಳಿಯಿತು.

ಕಾರು ಗ್ಯಾಸ್ ಕಂಪನಿಯದು, ಪ್ಯಾಂಟುಗಳು ಅದರ ಮ್ಯಾನೇಜರನವು. ಊರಾಚೆ ನೆಲದಡಿಯಲ್ಲಿ ಗ್ಯಾಸ್ ಸಿಕ್ಕಿ ಆರು ವರ್ಷವಾಗಿತ್ತು. ಕಳೆದ ವರ್ಷ ಅದರ ಬೆಲೆ ಏಕಾಏಕಿ ಮೇಲೇರಿ, ಕಂಪನಿ ಒಂದು ಕೊಳವೆಯನ್ನೂ ಹೊಸದಾಗಿ ಹೂಳದೆ ಮೂರು ಪಟ್ಟು ಲಾಭ ಬಾಚಿಕೊಂಡಿತ್ತು. ಆ ಹೆಚ್ಚಿನ ಲಾಭದ ಮೇಲೆ ಶೇಕಡಾ ಮೂವತ್ತು ತೆರಿಗೆ ಹಾಕೋಣವೋ ಎಪ್ಪತ್ತೋ ಎಂದು ಸರ್ಕಾರ ಊರಿನವರನ್ನೇ ಕೇಳಿತ್ತು. ಚೀಟಿ ಎತ್ತಿ ಒಂಬತ್ತು ಜನರನ್ನು ಆರಿಸಿದ್ದರು. ನಾಲ್ವರು ಮೂವತ್ತಕ್ಕೆ, ನಾಲ್ವರು ಎಪ್ಪತ್ತಕ್ಕೆ ಎಂಬುದು ಬೀದಿಬೀದಿಗೂ ಗೊತ್ತಿತ್ತು. ಒಂಬತ್ತನೆಯವನು ದರ್ಜಿ. ವೋಟು ಅದೇ ಸಂಜೆ.

"ಲಾಭದ ಜೊತೆ ಸೊಂಟವೂ ಬಂತು ಮಾಸ್ಟ್ರೇ. ಸ್ವಲ್ಪ ಸಡಿಲ ಮಾಡಿಕೊಡಿ" ಎಂದು ನಗುತ್ತ ಮ್ಯಾನೇಜರ್ ಪೊಟ್ಟಣ ಇಟ್ಟು ಹೋದ.

ಎದುರು ಮನೆಯ ಕಿಟಕಿಯಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರ್ ಕೂತಿದ್ದ. ಜೀವಮಾನವಿಡೀ ಲಕೋಟೆಗಳನ್ನು ಒಡೆಯದೆ ಹಂಚಿದ ಸಂಕಟವನ್ನು ಈಗ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದ ಮನುಷ್ಯ. ಬೀದಿಯವರು ಅವನಿಗೆ ಇಟ್ಟ ಹೆಸರು ದುರ್ಬೀನು.

"ಏನಪ್ಪಾ ಅದು ಪೊಟ್ಟಣ?"

"ಪ್ಯಾಂಟು ಸಾರ್. ಸೊಂಟ ದಪ್ಪ ಆಗಿದೆಯಂತೆ."

"ಯಾರ ಸೊಂಟ? ನಿಂದಾ, ಅವಂದಾ?" ಎನ್ನುತ್ತ ದುರ್ಬೀನು ರಸ್ತೆ ದಾಟಿ ಬಂದೇಬಿಟ್ಟ. ಅವನ ಹಿಂದೆ ಔಷಧಿ ಅಂಗಡಿಯಾಕೆ ಬಂದಳು, ಕ್ಷೌರಿಕ ಬಂದ, ಕ್ಷೌರಿಕನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯೂ ಬಂದ.

ದರ್ಜಿಗೆ ರೇಗಿತು. "ನೋಡ್ಕೊಳ್ಳಿ, ಕಣ್ಣು ತುಂಬ ನೋಡ್ಕೊಳ್ಳಿ!" ಎಂದು ಒಂದೊಂದೇ ಪ್ಯಾಂಟು ಕೊಡವಿ ಜೇಬುಗಳನ್ನು ಹೊರಗೆಳೆದು ತೋರಿಸಿದ. ನಾಲ್ಕನೆಯದರಿಂದ ಒಂದು ಚೀಟಿ ಉದುರಿತು. ದುರ್ಬೀನು ಅದನ್ನು ಗಾಳಿಯಲ್ಲೇ ಹಿಡಿದು ಓದಿದ: "ದರ್ಜಿಗೆ ನಾಲ್ಕು. ಇವತ್ತೇ."

"ನಾಲ್ಕು ಪ್ಯಾಂಟು ಅಂತ ಸಾರ್!"

"ಮತ್ತೆ ನಾಲ್ಕು ಲಕ್ಷ ಅಂತ ಯಾರಾದ್ರೂ ಪೂರ್ತಿ ಬರೀತಾರೇನ್ರಿ?" ಎಂದಳು ಔಷಧಿ ಅಂಗಡಿಯಾಕೆ.

ಹೆಂಡತಿ ಅವನ ತೋಳು ಹಿಡಿದು ಒಳಕೋಣೆಗೆ ಎಳೆದೊಯ್ದಳು. "ಅವರ ಹತ್ರ ಏನಾದ್ರೂ ಹೇಳ್ಕೊಳ್ಳಿ. ನನ್ನ ಹತ್ರ ನಿಜ ಹೇಳಿ, ಎಲ್ಲಿಟ್ಟಿದ್ದೀರಿ?"

"ಏನನ್ನೇ?"

"ತಗೊಂಡಿದ್ದಕ್ಕೆ ಬೇಜಾರಿಲ್ಲ. ನನಗೆ ಹೇಳದೆ ತಗೊಂಡ್ರಲ್ಲ, ಅದಕ್ಕೆ!"

ಪ್ಯಾಂಟುಗಳನ್ನು ವಾಪಸು ಬಿಸಾಕಿ ಬಂದರೆ ಪೀಡೆ ಕಳೆಯುತ್ತದೆಂದು ದರ್ಜಿ ಪೊಟ್ಟಣ ಕಂಕುಳಲ್ಲಿ ಒತ್ತಿಕೊಂಡು ಕಂಪನಿಯ ಆಫೀಸಿಗೆ ಓಡಿದ. ಅಲ್ಲಿ ಮ್ಯಾನೇಜರ್ ಕುರ್ಚಿಯಿಂದ ಏಳಲೇ ಇಲ್ಲ. ತೊಟ್ಟಿದ್ದ ಒಂದೇ ಪ್ಯಾಂಟೂ ಅರ್ಧ ಗಂಟೆ ಮುಂಚೆ ಹಿಂದಿನಿಂದ ಹರಿದುಹೋಗಿತ್ತು.

"ದೇವರು ಬಂದ ಹಾಗೆ ಬಂದ್ರಿ! ಸಭೆಗೆ ಏನು ಹಾಕ್ಕೊಂಡು ಬರ್ಲಿ ಮಾಸ್ಟ್ರೇ? ಕೈಮುಗೀತೀನಿ, ಇಲ್ಲೇ ಹೊಲಿದುಕೊಡಿ."

ಮುಗಿದ ಕೈಗೆ ಇಲ್ಲವೆನ್ನುವುದು ದರ್ಜಿಯ ಜಾಯಮಾನದಲ್ಲಿರಲಿಲ್ಲ. ಬಾಗಿಲು ಹಾಕಿ, ಸೂಜಿ ದಾರ ತರಿಸಿಕೊಂಡು ಎರಡು ಗಂಟೆ ಕೈಹೊಲಿಗೆ ಹಾಕಿದ. ಹೊರಗೆ ಬಂದರೆ ಗೇಟಿನ ಬಳಿ ಇಡೀ ಬೀದಿಯೇ ನಿಂತಿತ್ತು.

"ಎರಡು ಗಂಟೆ ಬಾಗಿಲು ಹಾಕ್ಕೊಂಡು ಏನು ಮಾಡ್ತಿದ್ರಪ್ಪಾ?" ಎಂದ ದುರ್ಬೀನು.

"ಅವರ ಪ್ಯಾಂಟು ಬಿಚ್ಚಿ..." ಎಂದು ಶುರುಮಾಡಿದ ದರ್ಜಿ ಎಲ್ಲರ ಮುಖ ನೋಡಿ ಅಲ್ಲಿಗೇ ಬಾಯಿ ಮುಚ್ಚಿಕೊಂಡ.

ಸಂಜೆ ತನ್ನ ಒಂದೇ ಒಂದು ಒಳ್ಳೆಯ ಕೋಟು ಹಾಕಿಕೊಂಡು ಸಭೆಗೆ ಹೋದ. ಅವನ ಅಕ್ಕಪಕ್ಕದ ಕುರ್ಚಿಗಳು, ಅಂಟುರೋಗದವನ ಪಕ್ಕದಲ್ಲಿರುವಂತೆ, ಖಾಲಿ. ಮ್ಯಾನೇಜರ್ ಹೊಸ ಸಡಿಲ ಸೊಂಟದಲ್ಲಿ ಹಾಯಾಗಿ ನಿಂತು ಮಾತಾಡಿದ. "ಕೊರೆದವರು ನಾವು, ಬೆವರು ಸುರಿಸಿದವರು ನಾವು. ಎಪ್ಪತ್ತು ಅಂದ್ರೆ ನಮ್ಮನ್ನ ಹಿಂಡಿದ ಹಾಗೆ."

ನಿಜ ಹೇಳಬೇಕೆಂದರೆ ದರ್ಜಿ ಬೆಳಿಗ್ಗೆಯವರೆಗೂ ಯಾವ ಕಡೆಗೂ ಮನಸ್ಸು ಮಾಡಿರಲಿಲ್ಲ. ಈಗ ಅವಮಾನ ಅವನನ್ನು ಬೆನ್ನಿಗೆ ಗುದ್ದಿ ಎಬ್ಬಿಸಿತು.

"ಸ್ವಾಮಿ, ಗಿರಾಕಿ ಬಟ್ಟೆ ತಂದುಕೊಡ್ತಾನೆ. ನಾನು ಹೊಲೀತೀನಿ, ಕೂಲಿ ತಗೋತೀನಿ. ಬೆವರು ನಂದು ಅಂತ ಹೇಳಿ ಅಂಗಿಯನ್ನ ನಾನೇ ಹಾಕ್ಕೊಂಡು ತಿರುಗೋಕಾಗತ್ತಾ? ನೆಲದಡಿ ಇರೋ ಗ್ಯಾಸು ಈ ಊರಿನ ಬಟ್ಟೆ. ನೀವು ದರ್ಜಿಗಳು. ಕೂಲಿ ಇಟ್ಕೊಳ್ಳಿ, ಧಾರಾಳವಾಗಿ ಇಟ್ಕೊಳ್ಳಿ. ಬೆಲೆ ಏರಿದ್ದು ನಿಮ್ಮ ಬೆವರಿಂದಲ್ಲವಲ್ಲ! ಮಿಕ್ಕಿದ್ದು ಆಸ್ಪತ್ರೆಗೆ ಬರ್ಲಿ, ಶಾಲೆಗೆ ಬರ್ಲಿ, ನಲ್ಲಿ ನೀರಿಗೆ ಬರ್ಲಿ. ಒಂದು ಚೂರೂ ಬಿಡಬಾರದು. ಮಿಕ್ಕಿದ ಬಟ್ಟೆ ಯಾವತ್ತಿದ್ರೂ ಬಟ್ಟೆ ತಂದವನದೇ!"

ಚಪ್ಪಾಳೆಗೆ ಕಿಟಕಿಗಳು ಅದುರಿದವು. ನಾಲ್ಕರ ಎದುರು ಐದು ವೋಟಿನಿಂದ ಎಪ್ಪತ್ತು ಗೆದ್ದಿತು. ದುರ್ಬೀನು ಕಣ್ಣೊರೆಸಿಕೊಳ್ಳುತ್ತ "ತಪ್ಪಾಯ್ತಪ್ಪಾ, ಬಂಗಾರದಂಥವನನ್ನ ಅನುಮಾನಿಸಿಬಿಟ್ಟೆ" ಎಂದ. ಕ್ಷೌರಿಕನೂ ಇನ್ನಿಬ್ಬರೂ ದರ್ಜಿಯನ್ನು ಹೆಗಲ ಮೇಲೆ ಎತ್ತಿಕೊಂಡೇಬಿಟ್ಟರು.

ಎತ್ತಿದ ರಭಸಕ್ಕೆ ಅವನ ಕೋಟಿನ ಗುಂಡಿಗಳು ಕಿತ್ತು, ಅದರ ಒಳಮೈ ಎಲ್ಲರಿಗೂ ಕಾಣುವಂತೆ ಹರಡಿಕೊಂಡಿತು. ಅಸ್ತರಿನ ತುಂಬ ಬಣ್ಣಬಣ್ಣದ ತೇಪೆಗಳು.

ಚಪ್ಪಾಳೆ ನಿಂತಿತು.

"ಈ ಬೂದು ಗೀಟು... ನನ್ನ ಕೋಟಿಂದಲ್ವಾ?" ಎಂದ ದುರ್ಬೀನು. "ಮೂರೂವರೆ ಮೀಟರ್ ಪೂರ್ತಿ ಹಿಡೀತು ಅಂದಿದ್ದೆಯಲ್ಲೋ ನೀನು!"

"ಆ ನೀಲಿ ಹೂವು ನನ್ನ ಪರದೆಯದು" ಎಂದಳು ಔಷಧಿ ಅಂಗಡಿಯಾಕೆ.

"ತೋಳಿನ ಒಳಗಡೆ ನನ್ನ ಮದುವೆ ಅಂಗಿ!" ಎಂದು ಕ್ಷೌರಿಕ ಅವನನ್ನು ದೊಪ್ಪನೆ ಕೆಳಗಿಳಿಸಿದ.

ದರ್ಜಿ ಎರಡೂ ಕೈಗಳಿಂದ ಕೋಟು ಮುಚ್ಚಿಕೊಂಡ. "ಅದು... ಚೂರುಪಾರು ಕಣ್ರೀ. ಎಲ್ಲ ದರ್ಜಿಗಳೂ..."

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು ಬಹಳ ವಿನಯದಿಂದ ಕೇಳಿದ: "ಒಂಬತ್ತು ಜನವೂ ಇಲ್ಲೇ ಇದ್ದೀರಲ್ಲ. ಮಾಸ್ಟ್ರು ಹೇಳಿದ ನ್ಯಾಯ ಮಾಸ್ಟ್ರ ಅಂಗಡಿಗೂ ಅನ್ವಯಿಸಬೇಕು ಅನ್ನೋರು ಕೈ ಎತ್ತಿ."

ಅಲ್ಲಿಯವರೆಗೂ ಒಬ್ಬರ ಮುಖ ಒಬ್ಬರು ನೋಡದಿದ್ದ ಎಂಟೂ ಜನರ ಕೈಗಳು ಒಟ್ಟಿಗೆ ಎದ್ದವು. ವೋಟಿನ ಹಕ್ಕೇ ಇಲ್ಲದ ಒಂದು ಕೈ ಹಿಂದಿನ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಎದ್ದಿತ್ತು.

"ಆ ಹಸಿರು ರೇಷ್ಮೆ ನನ್ನ ತವರಿನದು" ಎಂದಳು ದರ್ಜಿಯ ಹೆಂಡತಿ.