ಯಮನ ದಿಕ್ಕಿನ ಕರೆಂಟು

ಸೂರ್ಯನಿಗೇ ಬುದ್ಧಿ ಹೇಳಲು ಹೊರಟವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರ ಮನೆಯಲ್ಲಿ ಉಂಡೂ ಇದ್ದೇನೆ. ಏನು ಮಾಡಲಿ, ಅವರು ನನ್ನ ಸೋದರಮಾವ!

ತೊಂಬತ್ತರ ದಶಕ. ನಾನು ಚಾಮರಾಜನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಮಾವನದು ಭೀಮನಬೀಡಿನಲ್ಲಿ ಬೇಸಾಯ. ವಯಸ್ಸಿನಲ್ಲಿ ಮಹಾ ಪುಂಡರಂತೆ. ಊರಿನ ಹಿರಿಯರೆಲ್ಲ ಬೇಡವೆಂದರೂ ಮನೆಗೆ ದಕ್ಷಿಣದ ಬಾಗಿಲು ಇಟ್ಟವರು. "ಯಮ ಬಂದ್ರೆ ಬರ್ಲಿ ಬುಡಿ, ಕೂರ್ಸಿ ಕಾಪಿ ಕೊಡ್ತೀನಿ" ಎಂದಿದ್ದರಂತೆ. ಅಂಥವರು ಈ ಕತೆಗೆ ಎರಡು ವರ್ಷ ಮುಂಚೆ ಆ ಬಾಗಿಲನ್ನು ಭದ್ರವಾಗಿ ಮುಚ್ಚಿಬಿಟ್ಟರು! ಬಂದ ನೆಂಟರೆಲ್ಲ ಕೊಟ್ಟಿಗೆಯಲ್ಲಿ ಎಮ್ಮೆಯ ಬಾಲದ ಏಟು ತಿಂದು ಒಳಗೆ ಹೋಗಬೇಕು. ಯಾಕೆ ಮಾವ ಎಂದರೆ "ಗಾಳಿ ಕಣ್ಲಾ" ಎನ್ನುತ್ತಿದ್ದರು. ಅರವತ್ತಕ್ಕೆ ಅರಳು ಮರಳು ಎಂದು ನಾನು ಸುಮ್ಮನಾದೆ.

ಅತ್ತೆಗೆ ಉಬ್ಬಸ. ಸಂಜೆಯಾದರೆ ಮುಖಕ್ಕೆ ಗಾಳಿ ಬೇಕೇ ಬೇಕು. ಊರಿನ ಕರೆಂಟೋ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಆಗ ಆಕೆ ಗೋಡೆಗೊರಗಿ ಕೂತು ಉಸಿರಿಗಾಗಿ ಪಡುವ ಪಾಡನ್ನು ನೋಡಲಾಗುತ್ತಿರಲಿಲ್ಲ. ಗುಂಡ್ಲುಪೇಟೆಯ ಗ್ಯಾರೇಜಿನಿಂದ ಲಾರಿಯೊಳಗೆ ಹಾಕುವ ಪುಟ್ಟ ಫ್ಯಾನನ್ನೂ ಹಳೆಯ ಬ್ಯಾಟರಿಯನ್ನೂ ಮಾವ ತಂದರು. ಇನ್ನು ಸೋಲಾರ್ ಪ್ಲೇಟು ಆರಿಸಲು ಚಾಮರಾಜನಗರಕ್ಕೆ ಬಂದು, ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದರು.

ಮಾವನಿಗೆ ಗೊತ್ತಿದ್ದ ವ್ಯಾಪಾರ ಒಂದೇ, ದನದ್ದು. ಪ್ಲೇಟಿನ ಬೆನ್ನು ಸವರಿದರು, ಬೆರಳಲ್ಲಿ ತಟ್ಟಿದರು, ಬಗ್ಗಿ ಅಡಿಯನ್ನೂ ನೋಡಿದರು. "ಬೆಳಗ್ಗೆ ಏಟು ಕರೀತದೆ, ಸಾಯಂಕಾಲ ಏಟು?" ಎಂದರು.

"ಸಂಜೆ ಏನೂ ಬರಲ್ಲ ಯಜಮಾನ್ರೇ, ಬಿಸಿಲಿದ್ರೆ ಮಾತ್ರ" ಎಂದ ಅಂಗಡಿಯವನು.

"ಒಂದೊತ್ತು ಕರೆಯೋ ಹಸಕ್ಕೆ ಎಲ್ಡೊತ್ತಿನ ರೇಟು ಯೇಳ್ತೀಯಲ್ಲಪ್ಪಾ!"

ನಾನು ಬೀದಿಯ ಕಡೆ ತಿರುಗಿ, ಈ ಗಿರಾಕಿ ಯಾರೋ ಏನೋ ಎಂಬಂತೆ ನಿಂತೆ.

ವೈರು ಜೋಡಿಸಿದ್ದು ಇನ್ನೊಂದು ಘನಕಾರ್ಯ. ಪ್ಲಸ್ಸಿಗೆ ಕೆಂಪು, ಮೈನಸ್ಸಿಗೆ ಕಪ್ಪು ವೈರು ಹಾಕಿ ಎಂದು ಬಡಕೊಂಡೆ. ಕೇಳುತ್ತಾರೆಯೇ? ಮನೆಯಲ್ಲಿದ್ದ ಒಂದೇ ಬಣ್ಣದ ವೈರನ್ನು ಎರಡಕ್ಕೂ ಎಳೆದರು. ಗುರುತಿಗೆ ಪ್ಲಸ್ಸಿಗೆ ಕುಂಕುಮ, ಮೈನಸ್ಸಿಗೆ ಅರಿಶಿನ! ಆಯುಧಪೂಜೆ ಬಂತು. ಬ್ಯಾಟರಿ ಒರೆಸಲು ಮಾವ ವೈರು ಬಿಚ್ಚಿಟ್ಟರು. ಅತ್ತೆ ಭಕ್ತಿಯಿಂದ ನೇಗಿಲಿಗೆ, ಮಚ್ಚಿಗೆ, ಜೊತೆಗೆ ಎರಡೂ ವೈರಿಗೆ ಅರಿಶಿನವನ್ನೂ ಕುಂಕುಮವನ್ನೂ ಧಾರಾಳವಾಗಿ ಹಚ್ಚಿದರು. ಮಾವ ತಿರುಗಿ ಜೋಡಿಸಿದ್ದೇ ತಡ, ಚಟ್! ಫ್ಯೂಸು ಸುಟ್ಟು ನಾರಿತು. "ಪೂಜೆ ಮುಟ್ತು" ಎಂದರು ಮಾವ ಸಮಾಧಾನವಾಗಿ.

ಇಷ್ಟನ್ನೂ ಸಹಿಸಬಹುದಿತ್ತು. ದಿಕ್ಕಿನ ವಿಷಯ ಮಾತ್ರ ನನ್ನ ರಕ್ತ ಕುದಿಸಿತು.

"ಮಾವ, ನಮ್ಮ ಕಡೆ ವರ್ಷದ ಬಹುಪಾಲು ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಪ್ಲೇಟಿನ ಮುಖ ದಕ್ಷಿಣಕ್ಕೆ ಇಡಿ."

"ತೆಂಕ್ಲಾಗೆ? ಆಗಾಕಿಲ್ಲ. ಅದು ಯಮನ್ ದಿಕ್ಕು."

"ಯಮನಿಗೆ ಕಾಪಿ ಕೊಡ್ತೀನಿ ಅಂದವರು ನೀವೇ ಅಲ್ವಾ?"

ಮಾವ ಹಳೇ ಗಾಡಿಯ ಚಕ್ರವನ್ನು ಅಂಗಳದಲ್ಲಿ ಮಲಗಿಸಿ, ಅದರ ಮೇಲೆ ಪ್ಲೇಟು ಕಟ್ಟಿ, ಬೆಳಗ್ಗೆ ಪೂರ್ವಕ್ಕೆ ತಿರುಗಿಸುತ್ತಿದ್ದರು, ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ. ನಡುವೆ ದಕ್ಷಿಣ ಬರುತ್ತದಲ್ಲ? ಬರಗೊಡುತ್ತಿರಲಿಲ್ಲ! ತಿರುಗುವಾಗ ಯಮನ ಕಣ್ಣಿಗೆ ಬೀಳದಿರಲೆಂದು ಪ್ಲೇಟಿಗೆ ಗೋಣಿಚೀಲ ಹೊದಿಸಿ ಉತ್ತರದ ಕಡೆಯಿಂದ ಸುತ್ತಿಸಿ ತರುತ್ತಿದ್ದರು. ನೆತ್ತಿ ಸುಡುವ ಬಿಸಿಲಿನಲ್ಲಿ ಸೋಲಾರಿಗೆ ಮುಸುಕು ಹಾಕುವ ಮಹಾನುಭಾವ ಜಗತ್ತಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿ! ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡು ನಾನು ಎಷ್ಟು ನಕ್ಕಿದ್ದೇನೋ ಲೆಕ್ಕವಿಲ್ಲ.

ಒಂದು ಶನಿವಾರ ಸ್ಕೂಲು ಮುಗಿಸಿ ಸಂಜೆ ಭೀಮನಬೀಡಿಗೆ ಹೋದೆ. ಮೂರು ದಿನ ಮೋಡ ಮುಸುಕಿ ಅವತ್ತಷ್ಟೇ ಬಿಸಿಲು ಬಿದ್ದಿತ್ತು. ಪ್ಲೇಟು ನೋಡಿದರೆ ಗೋಣಿಚೀಲ ಹೊದ್ದುಕೊಂಡು ಉತ್ತರಕ್ಕೆ ಮುಖ ಮಾಡಿ ನಿಂತಿದೆ! ಮಧ್ಯಾಹ್ನ ಚಕ್ರ ತಿರುಗಿಸುತ್ತಿದ್ದಾಗಲೇ ಈರುಳ್ಳಿಯ ಲಾರಿ ಬಂತೆಂದು ಮಾವ ಅರ್ಧಕ್ಕೆ ಬಿಟ್ಟು ಗುಂಡ್ಲುಪೇಟೆಗೆ ಹೋಗಿದ್ದರು. ಕರೆಂಟು ಹೋಯಿತು. ಫ್ಯಾನು ನಾಲ್ಕು ಸುತ್ತು ತಿರುಗಿ ನಿಂತಿತು. ಅತ್ತೆಯ ಎದೆ ಸುಂಯ್‌ಗುಡತೊಡಗಿತು, ತುಟಿ ನೀಲಿಯಾಯಿತು. ನಾನು ಮೊರದಲ್ಲಿ ಗಾಳಿ ಹಾಕಿದೆ, ಹಾಕಿದೆ, ಕೈ ಸೋತಿತು. ಕರೆಂಟು ಬಂದು ಆಕೆ ಒಂದಿಷ್ಟು ಸುಧಾರಿಸಿಕೊಳ್ಳುವ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು.

ಮಾವ ಬಂದದ್ದೇ ಅಂಗಳದಲ್ಲಿ ತಡೆದು ಕೂಗಾಡಿದೆ. "ಯಮನ ದಿಕ್ಕಂತೆ! ನಿಮ್ಮ ಗೋಣಿಚೀಲದಿಂದ ಅತ್ತೆ ಜೀವ ಹೋಗೋದ್ರಲ್ಲಿತ್ತು!"

ಮಾವ ಚಕ್ರದ ಅಂಚಿನ ಮೇಲೆ ಕೂತರು. "ಮನೆ ಕಟ್ದಾಗ ನಿಮ್ಮತ್ತೆ ಗಟ್ಯಾಗಿದ್ಲು ಕಣ್ಲಾ. ಆಗ ಯಾವ್ ದಿಕ್ಕಾದ್ರೇನು ಅಂದೆ. ಎಲ್ಡು ವರ್ಸದಿಂದೆ ಮೈಸೂರು ಡಾಕ್ಟ್ರು, ಉಬ್ಸದ್ ಜೊತ್ಗೆ ಗುಂಡ್ಗೇನೂ ಸೋತದೆ, ಉಸಾರು ಅಂದ್ರು. ಅವತ್ತೇ ಬಂದು ತೆಂಕ್ಲು ಬಾಗ್ಲು ಹಾಕ್ಬುಟ್ಟೆ. ಅವ್ಳಿಗ್ ಯೇಳ್ಬ್ಯಾಡ."

ನನಗೆ ನಾಚಿಕೆಯಾಯಿತು.

ಮುಂದಿನ ಭಾನುವಾರ ಹೋದಾಗ ಪ್ಲೇಟು ನೇರವಾಗಿ ದಕ್ಷಿಣಕ್ಕೆ ಮುಖ ಮಾಡಿತ್ತು. ಕದಲದಂತೆ ಚಕ್ರಕ್ಕೆ ಕಲ್ಲು ಕೊಟ್ಟಿದ್ದರು. ಸಂಜೆ ಒಳಗೆ ಫ್ಯಾನು ಗಿರಗಿರನೆ ತಿರುಗುತ್ತಿತ್ತು, ಅತ್ತೆ ನಗುತ್ತ ಅವರೆಕಾಯಿ ಸುಲಿಯುತ್ತಿದ್ದರು. ಮಾವ ಮಾತ್ರ ಹೊರಗೆ, ಮುಚ್ಚಿದ ದಕ್ಷಿಣದ ಬಾಗಿಲಿನ ಮುಂದಕ್ಕೆ, ತಮ್ಮ ಮಂಚವನ್ನು ಒಬ್ಬರೇ ಎಳೆಯುತ್ತಿದ್ದರು.

"ಇದೇನು ಮಾವ, ಇಲ್ಲಿ ಮಂಚ?"

"ಬರೋನು ಈ ಕಡೆಯಿಂದ್ಲೇ ತಾನೆ ಬರಾದು? ಬಂದ್ರೆ ಮೊದ್ಲು ನಾನ್ ಸಿಕ್ತೀನಿ ಬುಡು."

ಮಂಚ ಸೊಟ್ಟಗೆ ನಿಂತಿತ್ತು, ಒಂದು ಪಕ್ಕದಲ್ಲಿ ಒಬ್ಬರು ನುಸುಳುವಷ್ಟು ಸಂದಿಯಿತ್ತು. ನಾನು ಇನ್ನೊಂದು ತುದಿ ಹಿಡಿದು, ಆ ಸಂದಿಯೂ ಉಳಿಯದಂತೆ ಬಾಗಿಲಿಗೆ ಅಡ್ಡಲಾಗಿ ಸರಿಸಿದೆ.